ಹೊಸ ಕ್ಯಾಮೆರಾ ಬಂತಾ? ಮೊದಲು ವ್ಯೂಫೈಂಡರ್ ಒಳಗೆ ಕಣ್ಣಿಟ್ಟು ನೋಡಿ

ಹೊಸ ಕ್ಯಾಮೆರಾ ಕೈಗೆ ಬಂದ ತಕ್ಷಣ ನಾವೆಲ್ಲ ಮಾಡುವುದು ಒಂದೇ ಕೆಲಸ. ಲೆನ್ಸ್ ಹಾಕಿ ಕಂಡಿದ್ದನ್ನೆಲ್ಲ ಕ್ಲಿಕ್ಕಿಸಿ, ಆಮೇಲೆ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, ಶಾರ್ಪ್ ಇದೆಯಾ, ಮೂಲೆ ಮಸುಕಾಗಿದೆಯಾ ಅಂತ ಹುಡುಕುತ್ತೇವೆ. ವ್ಯೂಫೈಂಡರ್, ಅಂದರೆ ಕ್ಯಾಮೆರಾ ಹಿಂದೆ ಕಣ್ಣಿಟ್ಟು ನೋಡುವ ಕಿಂಡಿ, ಅದನ್ನು ಪರೀಕ್ಷೆ ಮಾಡುವವರು ಕಡಿಮೆ. ಅದರ ದೋಷ ಫೋಟೋದಲ್ಲಿ ಬರುವುದಿಲ್ಲ ನೋಡಿ, ಅದಕ್ಕೇ. ಆದರೆ ಕ್ಯಾಮೆರಾ ನಮ್ಮ ಹತ್ತಿರ ಇರುವಷ್ಟು ವರ್ಷವೂ ನಾವು ನೋಡುವುದು ಅದರೊಳಗಿಂದಲೇ ಅಲ್ವಾ? ಅಲ್ಲಿ ಒಂದು ಚುಕ್ಕಿ ಕಂಡರೆ ಮತ್ತೆ ಅದು ಕಣ್ಣು ಬಿಟ್ಟು ಹೋಗುವುದೇ ಇಲ್ಲ.

ನನ್ನ ಹೊಸ ಮಿರರ್‌ಲೆಸ್ ಕ್ಯಾಮೆರಾದಲ್ಲಿ (ಒಳಗೆ ಕನ್ನಡಿ ಇಲ್ಲ, ವ್ಯೂಫೈಂಡರಿನಲ್ಲಿ ಕಾಣುವುದು ಒಂದು ಪುಟ್ಟ ಎಲೆಕ್ಟ್ರಾನಿಕ್ ಪರದೆ) ವ್ಯೂಫೈಂಡರಿನ ನಡುವಿನಿಂದ ಸ್ವಲ್ಪ ಎಡಕ್ಕೆ ಒಂದು ಹಸಿರು ಚುಕ್ಕಿ ಇತ್ತು. ಬೆಳಕಿನ ಕಡೆ ತಿರುಗಿಸಿದರೆ ಕಾಣುವುದಿಲ್ಲ, ನೆರಳಿನ ಕಡೆ ತಿರುಗಿಸಿದರೆ ಸೂಜಿಮೊನೆಯಷ್ಟು ಹೊಳೆಯುತ್ತದೆ. ಇಂಥದ್ದು ಕಂಡಾಗ ಮೊದಲು ಕೇಳಬೇಕಾದದ್ದು ಇದು ದೋಷವಾ ಅಲ್ಲವಾ ಅಂತಲ್ಲ, ಇದು ಎಲ್ಲಿದೆ ಅಂತ. ಚಿತ್ರ ಹಿಡಿಯುವ ಸೆನ್ಸರಿನಲ್ಲಾ, ವ್ಯೂಫೈಂಡರ್ ಒಳಗಿನ ಪುಟ್ಟ ಪರದೆಯಲ್ಲಾ, ನಾವು ಕಣ್ಣಿಡುವ ಐಪೀಸ್ ಗಾಜಿನ ಮೇಲಾ, ನಮ್ಮ ಕಣ್ಣಿನಲ್ಲೇನಾ. ಜಾಗ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಅದಕ್ಕಿಂತ ಮೊದಲು ಡಯಾಪ್ಟರ್, ಅಂದರೆ ವ್ಯೂಫೈಂಡರನ್ನು ನಮ್ಮ ಕಣ್ಣಿಗೆ ಹೊಂದಿಸುವ ವ್ಯವಸ್ಥೆ, ಸರಿ ಮಾಡಿಕೊಳ್ಳಿ. ಐಪೀಸ್ ಪಕ್ಕದಲ್ಲಿ ಒಂದು ಪುಟ್ಟ ಚಕ್ರ ಇರುತ್ತದೆ. ಡಬ್ಬಿಯಿಂದ ತೆಗೆಯುವಾಗ, ಬ್ಯಾಗಿಗೆ ಹಾಕುವಾಗ ಉಜ್ಜಿ ಅದು ತಿರುಗಿಬಿಟ್ಟಿರುತ್ತದೆ. ನಾವು ವ್ಯೂಫೈಂಡರೇ ಮಸುಕು ಅಂತ ಗಾಬರಿಯಾಗುತ್ತೇವೆ. ಚಕ್ರ ತಿರುಗಿಸುವಾಗ ಎದುರಿನ ದೃಶ್ಯ ನೋಡಬೇಡಿ, ಫೋಕಸ್ ಆಗಿಲ್ಲದಿದ್ದರೆ ಅದು ಹೇಗೂ ಮಸುಕಾಗೇ ಇರುತ್ತದೆ. ಕೆಳಗೆ ಕಾಣುವ ಷಟರ್ ಸ್ಪೀಡ್, ಐಎಸ್‌ಒ ಅಂಕಿಗಳನ್ನು ನೋಡುತ್ತಾ, ಅವುಗಳ ಅಂಚು ಚೊಕ್ಕವಾಗಿ ಕಾಣುವವರೆಗೆ ತಿರುಗಿಸಿ. ಕನ್ನಡಕ ಹಾಕಿಕೊಂಡು ಫೋಟೋ ತೆಗೆಯುವವರು ಇದನ್ನೂ ಕನ್ನಡಕ ಹಾಕಿಕೊಂಡೇ ಮಾಡಿ.

ಈಗ ಚುಕ್ಕಿಯ ವಿಷಯ. ಮೆನು ತೆರೆದು ವ್ಯೂಫೈಂಡರ್ ಒಳಗೇ ನೋಡಿ. ಮೆನುವಿನಲ್ಲಿ ಸೆನ್ಸರಿನ ಚಿತ್ರ ಇರುವುದಿಲ್ಲ. ಅಲ್ಲೂ ಅದೇ ಜಾಗದಲ್ಲಿ ಚುಕ್ಕಿ ಇದ್ದರೆ ಅದು ಸೆನ್ಸರಿನದಲ್ಲ. ಇನ್ನೂ ಖಚಿತವಾಗಬೇಕು ಅಂದರೆ ಎರಡು ಫೋಟೋ ತೆಗೆದಿಟ್ಟುಕೊಳ್ಳಿ. ಒಂದು ಲೆನ್ಸ್ ಕ್ಯಾಪ್ ಹಾಕಿ, ಕಡಿಮೆ ಐಎಸ್‌ಒ, ವೇಗದ ಷಟರಿನಲ್ಲಿ ತೆಗೆದ ಪೂರ್ತಿ ಕಪ್ಪು. ಇನ್ನೊಂದು ಬಿಳಿ ಗೋಡೆಯನ್ನು ಫೋಕಸ್ ತಪ್ಪಿಸಿ, ಜಾಸ್ತಿ ಎಕ್ಸ್‌ಪೋಷರ್ ಕೊಟ್ಟು ತೆಗೆದ ಪೂರ್ತಿ ಬಿಳಿ. ಎರಡನ್ನೂ ಪ್ಲೇಬ್ಯಾಕಿನಲ್ಲಿ, ಅಕ್ಷರ ಅಂಕಿ ಎಲ್ಲ ತೆಗೆದುಹಾಕಿ, ವ್ಯೂಫೈಂಡರ್ ಮೂಲಕ ನೋಡಿ. ಸುಮ್ನೆ ಕ್ಯಾಪ್ ಹಾಕಿ ಇಣುಕಿದರೆ ಸಾಲದು, ಯಾಕೆಂದರೆ ಕತ್ತಲಲ್ಲಿ ಕ್ಯಾಮೆರಾ ಚಿತ್ರವನ್ನು ಬೆಳಗಿಸಲು ಹೋಗಿ ಕಾಳುಕಾಳು ತುಂಬಿಸುತ್ತದೆ, ಅದರ ನಡುವೆ ಒಂದು ಚುಕ್ಕಿ ಹುಡುಕುವುದು ಕಷ್ಟ.

ಕಪ್ಪಿನ ಮೇಲೆ ಹೊಳೆದರೆ ಅದು ಆರದೆ ಉಳಿದ ಚುಕ್ಕಿ. ಬಿಳಿಯ ಮೇಲೆ ಬೇರೆ ಬಣ್ಣ ಅಥವಾ ಕಪ್ಪು ಕಂಡರೆ ಅದು ಸತ್ತ ಚುಕ್ಕಿ. ಪ್ರತಿ ಪಿಕ್ಸೆಲಿನಲ್ಲೂ ಕೆಂಪು, ಹಸಿರು, ನೀಲಿ ಮೂರು ಚುಕ್ಕಿ ಇರುತ್ತವೆ. ಹಸಿರು ಮಾತ್ರ ಸತ್ತಿದ್ದರೆ ಬಿಳಿಯ ಮೇಲೆ ಆ ಜಾಗ ನೇರಳೆ ಮಿಶ್ರಿತ ಗುಲಾಬಿಯಾಗಿ ಕಾಣುತ್ತದೆ.

ಧೂಳನ್ನು ಕಂಡುಹಿಡಿಯುವುದು ಇನ್ನೂ ಸುಲಭ. ಐಪೀಸಿಗೆ ಕಣ್ಣಿಟ್ಟು ತಲೆಯನ್ನು ಸ್ವಲ್ಪ ಎಡಕ್ಕೆ ಬಲಕ್ಕೆ ಆಡಿಸಿ. ಪರದೆಯಲ್ಲಿರುವ ಚುಕ್ಕಿ ಅಂಕಿಗಳ ಪಕ್ಕದಿಂದ ಅಲುಗಾಡುವುದಿಲ್ಲ. ಗಾಜಿನ ಮೇಲಿನ ಧೂಳು ಚಿತ್ರದ ಮೇಲೆ ಜಾರಿದಂತೆ ಅತ್ತಿತ್ತ ಸರಿಯುತ್ತದೆ, ಮಸುಕಾಗಿಯೂ ಇರುತ್ತದೆ. ಹೊರಗಿನ ಧೂಳಾದರೆ ಬ್ಲೋವರಿನಿಂದ ಊದಿದರೆ ಹೋಗುತ್ತದೆ. ಊದಿದರೂ ಹೋಗದೆ, ಆದರೂ ಸರಿದಾಡುತ್ತಿದ್ದರೆ ಅದು ಗಾಜಿನ ಒಳಗೆ ಸೇರಿಕೊಂಡಿದೆ, ನಾವು ಬಿಚ್ಚಲು ಹೋಗಬಾರದು.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಎಲೆಕ್ಟ್ರಾನಿಕ್ ವ್ಯೂಫೈಂಡರಿಗೆ 36.9 ಲಕ್ಷ ಡಾಟ್ ಅಂತ ಬರೆದಿದ್ದರೆ ಅದು 1280×960 ಪಿಕ್ಸೆಲ್, ಒಂದೊಂದರಲ್ಲಿ ಮೂರು ಚುಕ್ಕಿ. ಕ್ಯಾಮೆರಾ ಕೈಪಿಡಿಯ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ, 99.99% ಪಿಕ್ಸೆಲ್‌ಗಳು ಕೆಲಸ ಮಾಡುತ್ತವೆ, 0.01% ಕೆಟ್ಟಿರಬಹುದು, ಅದು ದೋಷವಲ್ಲ ಅಂತ. ಆ 0.01% ಅನ್ನು ಚುಕ್ಕಿಗಳ ಲೆಕ್ಕದಲ್ಲಿ ಹಿಡಿದರೆ ಸುಮಾರು 369 ಆಗುತ್ತದೆ! ಅಂದರೆ ಒಂದು ಚುಕ್ಕಿಗೆ ವಾರಂಟಿಯಲ್ಲಿ ಹೋದರೆ ಈ ಸಾಲನ್ನೇ ತೋರಿಸಿ ವಾಪಸ್ ಕಳಿಸಬಹುದು. ಅದಕ್ಕೇ ನಾನು ಹೇಳುವುದು, ಈ ಪರೀಕ್ಷೆಯನ್ನು ಮಾರಿದವರು ಬದಲಾಯಿಸಿ ಕೊಡುವ ಗಡುವಿನೊಳಗೆ ಮಾಡಿ, ಆಮೇಲೆ ಮಾಡಿ ಪ್ರಯೋಜನ ಇಲ್ಲ. ನಾನು ಗಡುವಿನೊಳಗೆ ಕೇಳಿದ್ದಕ್ಕೆ ಬದಲಾಯಿಸಿ ಕೊಟ್ಟರು. ಮೂಲೆಯಲ್ಲಿ ಒಂದು ಚುಕ್ಕಿ ಇದ್ದರೆ ಬಿಟ್ಟುಬಿಡಬಹುದೇನೋ, ನಡುವಿನಲ್ಲಿದ್ದರೆ ಬಿಡಬೇಡಿ. ಪೂರ್ತಿ ದುಡ್ಡು ಕೊಟ್ಟು ಕೊಂಡ ಹೊಸ ವಸ್ತು ಅದು, ಕೇಳುವುದಕ್ಕೆ ಸಂಕೋಚ ಯಾಕೆ?

ಸಾಕ್ಷಿಗೆ ಫೋನಿನ ಕ್ಯಾಮೆರಾವನ್ನು ಐಪೀಸಿಗೆ ಹಿಡಿದು ಫೋಟೋ ತೆಗೆಯಿರಿ. ಕಣ್ಣು ಹತ್ತಿರ ಬಂದಿದ್ದನ್ನು ಗುರುತಿಸುವ ಸೆನ್ಸರ್ ಫೋನನ್ನು ಗುರುತಿಸದಿದ್ದರೆ ಅದರ ಮೇಲೆ ಬೆರಳಿಟ್ಟುಕೊಳ್ಳಿ. ಹಾಗೇ ಆ ಸೆನ್ಸರನ್ನೂ ನೋಡಿಬಿಡಿ. ಕಣ್ಣಿಟ್ಟಾಗ ವ್ಯೂಫೈಂಡರ್ ಬೇಗ ಹತ್ತಬೇಕು, ಕಣ್ಣು ತೆಗೆದಾಗ ಹಿಂದಿನ ಪರದೆ ಬರಬೇಕು. ತಡವರಿಸಿದರೆ ಮೊದಲು ಅದರ ಕಿಂಡಿ ಒರೆಸಿ, ಕುತ್ತಿಗೆ ಪಟ್ಟಿ ಅಡ್ಡ ಬಂದಿದೆಯಾ ನೋಡಿ.

ಒಂದು ಬದಿ ಮಾತ್ರ ಮಸುಕಾಗಿ ಕಂಡರೆ ಕಣ್ಣನ್ನು ನಡುವಿಗೆ ತಂದು ನೋಡಿ, ಆಮೇಲೆ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಹಿಡಿಯಿರಿ. ಮಸುಕು ಕ್ಯಾಮೆರಾ ಜೊತೆಗೇ ತಿರುಗಿದರೆ ತೊಂದರೆ ವ್ಯೂಫೈಂಡರಿನದು. ತಿರುಗದೆ ಮೊದಲಿದ್ದ ಬದಿಯಲ್ಲೇ ಉಳಿದರೆ ಅದು ನಮ್ಮ ಕಣ್ಣಿನದು ಅಥವಾ ಕನ್ನಡಕದ್ದು.

ಮಂದ ಬೆಳಕಿನಲ್ಲಿ ಚಿತ್ರ ಕಾಳುಕಾಳಾಗುವುದು, ಎಲ್‌ಇಡಿ ದೀಪದ ಕೆಳಗೆ ಪಟ್ಟೆ ಓಡುವುದು ದೋಷ ಅಲ್ಲ. ಕರೆಂಟು 50 ಹರ್ಟ್ಜ್ ಇದ್ದರೆ ಹಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕ್ಯಾಮೆರಾಗೆ ಅದು ಕಾಣುತ್ತದೆ ಅಷ್ಟೇ. ಹಗಲು ಬೆಳಕಿನಲ್ಲೂ ಮಿನುಗಿದರೆ ಮಾತ್ರ ಯೋಚನೆ ಮಾಡಿ.

ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಕೊಂಡವರಿಗೆ ಪಿಕ್ಸೆಲ್ ಚಿಂತೆ ಇಲ್ಲ, ಅಲ್ಲಿ ಕಾಣುವುದು ಕನ್ನಡಿಯಿಂದ ಬಂದ ಬೆಳಕು. ಕಪ್ಪು ಚುಕ್ಕಿ ಕಂಡು ಫೋಟೋದಲ್ಲಿ ಬರದಿದ್ದರೆ ಅದು ಹೆಚ್ಚಾಗಿ ಫೋಕಸಿಂಗ್ ಸ್ಕ್ರೀನ್ (ಕನ್ನಡಿಯ ಮೇಲಿರುವ, ಚಿತ್ರ ಮೂಡುವ ತೆಳು ಪರದೆ) ಮೇಲಿನ ಧೂಳು. ಬ್ಲೋವರಿನಿಂದ ಊದಿ, ಬಟ್ಟೆ ಮಾತ್ರ ಮುಟ್ಟಿಸಬೇಡಿ, ಅದು ತುಂಬಾ ಸುಲಭವಾಗಿ ಗೀರು ಬೀಳುತ್ತದೆ. ನಿಕಾನ್ ಡಿ7000 ಥರದ ಕೆಲವು ಕ್ಯಾಮೆರಾಗಳಲ್ಲಿ ಬ್ಯಾಟರಿ ಇಲ್ಲದಿದ್ದರೆ ವ್ಯೂಫೈಂಡರ್ ಮಂಕಾಗುತ್ತದೆ, ಬ್ಯಾಟರಿ ಹಾಕಿದರೆ ಸರಿಹೋಗುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ನೋಡಬೇಕಾದದ್ದು ಇನ್ನೊಂದಿದೆ. ಬಾಗಿಲ ಚೌಕಟ್ಟಿನ ಮೇಲಂಚನ್ನು ಎದುರಿಗೇ ನಿಂತು ವ್ಯೂಫೈಂಡರಿನ ಅಂಚಿಗೆ ಸಮವಾಗಿ ಹಿಡಿದು ಫೋಟೋ ತೆಗೆಯಿರಿ, ಫೋಟೋದಲ್ಲಿ ಪ್ರತಿ ಸಲವೂ ಒಂದೇ ಕಡೆಗೆ ವಾಲಿದರೆ ಸರ್ವಿಸಿಗೆ ಕೊಡಲೇಬೇಕು.

ಎಲ್ಲ ಸರಿಯಿದೆ ಅಂತಾದ ಮೇಲೂ ಒಂದು ಎಚ್ಚರಿಕೆ. ಎಲೆಕ್ಟ್ರಾನಿಕ್ ವ್ಯೂಫೈಂಡರ್ ಇರುವ ಕ್ಯಾಮೆರಾದ ಐಪೀಸನ್ನು ಸೂರ್ಯನ ಕಡೆ ಮಾಡಿ ಇಡಬೇಡಿ. ಅದು ಭೂತಗನ್ನಡಿಯ ಗಾಜೇ, ಬಿಸಿಲು ಒಳಗಿನ ಪರದೆಯ ಮೇಲೆ ಒಂದೆಡೆ ಸೇರಿ ಸುಟ್ಟ ಕಲೆ ಬಿಡುತ್ತದೆ. ಹಾಗಾದ ಕಲೆಯನ್ನು ಫ್ಯಾಕ್ಟರಿ ದೋಷ ಅಂತ ವಾದಿಸಲು ಆಗುವುದಿಲ್ಲ. ಬಿಸಿಲಲ್ಲಿ ಕುತ್ತಿಗೆಗೆ ಹಾಕಿಕೊಂಡಾಗ, ಟ್ರೈಪಾಡ್ ಮೇಲೆ ಬಿಟ್ಟು ಅತ್ತ ಹೋದಾಗ ಐಪೀಸ್ ಯಾವ ಕಡೆಗಿದೆ ಅಂತ ನೋಡಿಕೊಳ್ಳಿ, ಇಲ್ಲವೇ ಅದರ ಮೇಲೆ ಒಂದು ಬಟ್ಟೆ ಹಾಕಿ.