ಏಪ್ರಿಲ್ 8ರ ಗೋಡೆ

ಗೋಡೆ ಇರುವುದು ಪಾರ್ಕಿಂಗ್ ಜಾಗದಲ್ಲಿ. ಟಿಕೆಟ್ ಇಲ್ಲ, ಕಾವಲಿಗೆ ಯಾರೂ ಇಲ್ಲ, ನಿಲ್ಲಲು ನೆರಳೂ ಇಲ್ಲ. ಬಿಳಿ ಗೆರೆ ಎಳೆದ ಡಾಂಬರಿನ ನಡುವೆ ಹಳೆಯ ಸ್ಟೇಡಿಯಂ ಬೇಲಿಯ ಒಂದು ತುಂಡು, ಜೊತೆಗೆ 715 ಎಂಬ ಅಂಕಿ. ಇಷ್ಟನ್ನು ನೋಡಲು ಅಟ್ಲಾಂಟಾಕ್ಕೆ ಹೋಗಬೇಕೇ ಎಂದರೆ, ಬೇಸ್‌ಬಾಲ್ ಗೊತ್ತಿದ್ದವರು ಹೋಗಲೇಬೇಕು. ಅದರಲ್ಲೂ ಏಪ್ರಿಲ್ 8ರಂದು.

1974ರ ಏಪ್ರಿಲ್ 8ರ ರಾತ್ರಿ 9 ಗಂಟೆ 7 ನಿಮಿಷಕ್ಕೆ ಅಟ್ಲಾಂಟಾ ಬ್ರೇವ್ಸ್ ತಂಡದ ಹ್ಯಾಂಕ್ ಆರನ್ ಹೊಡೆದ ಚೆಂಡು ಇದೇ ಜಾಗದಲ್ಲಿ ಬೇಲಿ ದಾಟಿತು. ಅದು ಅವರ 715ನೇ ಹೋಮ್ ರನ್, ನಮ್ಮ ಕ್ರಿಕೆಟ್‌ನ ಸಿಕ್ಸರ್ ಇದ್ದಂತೆ. 1935ರಲ್ಲಿ ಬೇಬ್ ರೂತ್ 714ಕ್ಕೆ ನಿಲ್ಲಿಸಿದ್ದ ದಾಖಲೆ ಮುರಿದದ್ದು ಆಗ. 1997ರ ಆಗಸ್ಟ್ 2ರಂದು ಸ್ಫೋಟಕ ಇಟ್ಟು ಸ್ಟೇಡಿಯಂ ಕೆಡವಿದರು. ಚೆಂಡು ದಾಟಿದ ಕಡೆಯ ಈ ತುಂಡನ್ನು ಮಾತ್ರ ಇದ್ದಲ್ಲೇ ಉಳಿಸಿದರು.

ದಾರಿ ಸುಲಭ. ವಿಮಾನ ನಿಲ್ದಾಣದ ಒಳಗಿಂದಲೇ ನಗರದ ಮಾರ್ಟಾ ರೈಲು ಹೊರಡುತ್ತದೆ. 2024ರಲ್ಲಿ ಟಿಕೆಟ್ ಎರಡೂವರೆ ಡಾಲರ್ ಇತ್ತು, ಅದನ್ನು ತುಂಬಿಸುವ ಬ್ರೀಜ್ ಕಾರ್ಡಿಗೆ ಬೇರೆ ಎರಡು ಡಾಲರ್. ಫೈವ್ ಪಾಯಿಂಟ್ಸ್‌ನಲ್ಲಿ ಇಳಿದು ಪೂರ್ವಕ್ಕೆ ಹೋಗುವ ರೈಲು ಹತ್ತಿದರೆ ಮುಂದಿನ ನಿಲ್ದಾಣವೇ ಜಾರ್ಜಿಯಾ ಸ್ಟೇಟ್. ಅಲ್ಲಿಂದ ದಕ್ಷಿಣಕ್ಕೆ ಅರ್ಧ ಗಂಟೆಯೊಳಗಿನ ನಡಿಗೆ. ಚಿನ್ನದ ಗುಮ್ಮಟದ ವಿಧಾನಸಭೆ ಕಟ್ಟಡ ದಾಟಿ, ಹೆದ್ದಾರಿಯ ಮೇಲಿನ ಸೇತುವೆ ದಾಟಿದರೆ 1996ರ ಒಲಿಂಪಿಕ್ ಜ್ಯೋತಿಯ ಗೋಪುರ ಕಾಣುತ್ತದೆ. ಅದೇ ಗುರುತು. ಅದರ ದಕ್ಷಿಣಕ್ಕೆ ಪಾರ್ಕಿಂಗ್ ಜಾಗ, ಅದರಾಚೆ ಈಗ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ಅಮೆರಿಕನ್ ಫುಟ್‌ಬಾಲ್ ಆಡುವ ಸ್ಟೇಡಿಯಂ. ಹಳೆಯ ಮೈದಾನದ ಅಂಚನ್ನು ನೆಲದ ಮೇಲೆ ಗುರುತು ಮಾಡಿದ್ದಾರೆ. ಕಾರುಗಳು ಕಡಿಮೆ ಇರುವ ದಿನ ಹೋದರೆ ಅದು ಪೂರ್ತಿ ಕಾಣುತ್ತದೆ. ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಇದ್ದ ಕಡೆಯಿಂದ ಗೋಡೆಯವರೆಗೆ ನಡೆದು ನೋಡಬೇಕು. ಅಂದು ಬೇಲಿಯ ಮೇಲೆ ಬರೆದಿದ್ದ ದೂರ 385 ಅಡಿ, ಅಂದರೆ 117 ಮೀಟರ್. ಕ್ರಿಕೆಟ್‌ನಲ್ಲಿ ಇಷ್ಟು ದೂರ ಹೋದ ಸಿಕ್ಸರ್ ಅನ್ನು ಟಿವಿಯವರು ಮೂರು ಸಲ ತೋರಿಸುತ್ತಾರೆ.

ನಾವು ಹೋದದ್ದು 2024ರಲ್ಲಿ, ಆ ಹೊಡೆತಕ್ಕೆ ಸರಿಯಾಗಿ 50 ವರ್ಷ ತುಂಬಿದ ದಿನ. ಅದೇ ದಿನ ಸೂರ್ಯಗ್ರಹಣ. ಅಟ್ಲಾಂಟಾದಲ್ಲಿ ಅದು ಖಂಡಗ್ರಾಸ. ಮಧ್ಯಾಹ್ನ ಮೂರು ದಾಟುತ್ತಿದ್ದಂತೆ ಸೂರ್ಯನ ಶೇಕಡಾ 80ಕ್ಕೂ ಹೆಚ್ಚು ಮರೆಯಾಗಿ, ಬಿಸಿಲಿಗೆ ಯಾರೋ ನೀರು ಬೆರೆಸಿದಂತಾಗಿತ್ತು. ಗೋಡೆಯ ಹತ್ತಿರ ಹತ್ತಿಪ್ಪತ್ತು ಜನ. ಅರ್ಧ ಜನ ಗೋಡೆ ನೋಡುತ್ತಿದ್ದರು, ಇನ್ನರ್ಧ ಕಪ್ಪು ಕನ್ನಡಕ ಹಾಕಿ ಮೇಲೆ ನೋಡುತ್ತಿದ್ದರು. ಎರಡನ್ನೂ ನೋಡದೆ ಮಡಿಸುವ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಹಳದಿಗಟ್ಟಿದ ಒಂದು ಹಾಳೆ ಇಟ್ಟುಕೊಂಡಿದ್ದವರು ಒಬ್ಬ ಹಿರಿಯರು. ಅದು 1974ರ ಆ ಆಟದ ಸ್ಕೋರ್‌ಕಾರ್ಡ್, ಅವರ ಅಪ್ಪ ಸ್ಟ್ಯಾಂಡಿನಲ್ಲಿ ಕೂತು ಬರೆದದ್ದು.

ಬೇಸ್‌ಬಾಲ್ ಸ್ಕೋರ್‌ಕಾರ್ಡ್ ಬರೆಯುವುದು ಒಂದು ವಿದ್ಯೆ. ಎಡಕ್ಕೆ ಬ್ಯಾಟರ್‌ಗಳ ಹೆಸರು, ಬಲಕ್ಕೆ ಒಂದೊಂದು ಇನ್ನಿಂಗ್ಸ್‌ಗೆ (ಒಂದು ಆಟಕ್ಕೆ ಒಂಬತ್ತು) ಒಂದೊಂದು ಕಂಬ. ಹೆಸರೂ ಇನ್ನಿಂಗ್ಸೂ ಸೇರುವಲ್ಲಿ ಒಂದು ಪೆಟ್ಟಿಗೆ, ಅದರೊಳಗೆ ಚಿಕ್ಕ ವಜ್ರದಾಕೃತಿ. ವಜ್ರದ ನಾಲ್ಕು ಮೂಲೆಗಳೆಂದರೆ ಆಟಗಾರ ಮುಟ್ಟುತ್ತಾ ಸುತ್ತಬೇಕಾದ ನಾಲ್ಕು ಬೇಸ್. ಆಟಗಾರ ಎಷ್ಟು ಬೇಸ್ ಓಡಿದನೋ ಅಷ್ಟು ಗೆರೆ ದಪ್ಪವಾಗುತ್ತದೆ, ಪೂರ್ತಿ ಸುತ್ತಿ ಬಂದರೆ ವಜ್ರ ತುಂಬುತ್ತದೆ. ಫೀಲ್ಡರ್‌ಗಳಿಗೆ ಹೆಸರಿಲ್ಲ, ನಂಬರ್: ಚೆಂಡು ಎಸೆಯುವ ಪಿಚರ್ 1, ಬ್ಯಾಟರ್ ಹಿಂದೆ ಕೂತು ಹಿಡಿಯುವ ಕ್ಯಾಚರ್ 2, ಮೊದಲ ಬೇಸ್ 3, ಎರಡನೆಯದು 4, ಮೂರನೆಯದು 5, ಶಾರ್ಟ್‌ಸ್ಟಾಪ್ 6, ಲೆಫ್ಟ್ ಫೀಲ್ಡರ್ 7, ಸೆಂಟರ್ 8, ರೈಟ್ 9. ಹೊಸಬರು ತಪ್ಪುವುದು ಇಲ್ಲೇ. ಶಾರ್ಟ್‌ಸ್ಟಾಪ್ ನಿಲ್ಲುವುದು ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ, ಹಾಗಾಗಿ ಅವನೇ 5 ಇರಬೇಕು ಅನ್ನಿಸುತ್ತದೆ. ಅಲ್ಲ, ಅವನು 6. ‘6-3’ ಎಂದು ಬರೆದಿದ್ದರೆ ಶಾರ್ಟ್‌ಸ್ಟಾಪ್ ಚೆಂಡು ಹಿಡಿದು ಮೊದಲ ಬೇಸ್‌ಗೆ ಎಸೆದ, ಬ್ಯಾಟರ್ ಔಟಾದ ಎಂದರ್ಥ.

ಹಿರಿಯರು ಆರನ್ ಅವರ ಸಾಲಿನ ಮೇಲೆ ಬೆರಳಿಟ್ಟರು. “ಮೊದಲು ಎರಡನೇ ಇನ್ನಿಂಗ್ಸ್ ನೋಡಿ.”

ಅಲ್ಲಿ ‘ಬಿಬಿ’ ಎಂದಿತ್ತು, ಎಂದರೆ ನಾಲ್ಕು ಕೆಟ್ಟ ಎಸೆತ, ಪುಕ್ಕಟೆಯಾಗಿ ಮೊದಲ ಬೇಸ್. ಆದರೆ ವಜ್ರ ತುಂಬಿತ್ತು.

“ಓಡಿ ಬಂದು ರನ್ ಮಾಡಿದ್ದಾರಲ್ಲ” ಎಂದೆವು.

“ಅದು ಅವರ 2063ನೇ ರನ್. ನ್ಯಾಷನಲ್ ಲೀಗ್‌ನಲ್ಲಿ ಅತಿ ಹೆಚ್ಚು ರನ್‌ಗಳ ವಿಲ್ಲಿ ಮೇಸ್ ದಾಖಲೆ ಮುರಿದದ್ದು ಅಲ್ಲೇ. ಆ ರನ್‌ಗೆ ನಮ್ಮ ಸುತ್ತ ಯಾರೂ ಎದ್ದು ನಿಲ್ಲಲಿಲ್ಲ. ಹೋಮ್ ರನ್ ಹೊಡೆಯಲಿಲ್ಲ ಅಂತ ಗೊಣಗುತ್ತಿದ್ದರು.”

ಬೆರಳು ನಾಲ್ಕನೇ ಇನ್ನಿಂಗ್ಸ್‌ಗೆ ಸರಿಯಿತು. ಆರನ್‌ಗಿಂತ ಮುಂಚೆ ಆಡಿದ ಡ್ಯಾರೆಲ್ ಎವಾನ್ಸ್ ಪೆಟ್ಟಿಗೆಯಲ್ಲಿ ‘ಇ6’, ಅಂದರೆ ಶಾರ್ಟ್‌ಸ್ಟಾಪ್ ಬಿಲ್ ರಸೆಲ್ ಕೈಯಲ್ಲಿ ತಪ್ಪಾಗಿ ಎವಾನ್ಸ್ ಬೇಸ್ ಮುಟ್ಟಿದ್ದು. ಅದರ ಕೆಳಗೆ ಆರನ್ ಪೆಟ್ಟಿಗೆ. ಕಾರ್ಡ್ ಪೂರ್ತಿ ಪೆನ್ಸಿಲ್ಲಿನದು, ಅದೊಂದು ಪೆಟ್ಟಿಗೆ ಮಾತ್ರ ನೀಲಿ ಶಾಯಿ.

“ಅಪ್ಪ ಪೆನ್ಸಿಲ್ ಬೀಳಿಸಿಬಿಟ್ಟಿದ್ದರು. ಸೀಟಿನ ಕೆಳಗೆ ಎಲ್ಲಿ ಹೋಯಿತೋ ಸಿಗಲೇ ಇಲ್ಲ. ಪಕ್ಕದವರ ಹತ್ತಿರ ಬೇರೆ ಪೆನ್ಸಿಲ್ ಇಸಕೊಂಡು ಮುಂದಿನದು ಬರೆದರು. ಆ ಪೆಟ್ಟಿಗೆ ಮಾತ್ರ ಖಾಲಿ ಬಿಟ್ಟು, ಮನೆಗೆ ಬಂದಮೇಲೆ ಅಡುಗೆಮನೆ ಮೇಜಿನ ಮೇಲೆ ಕೂತು ಪೆನ್ನಿನಲ್ಲಿ ತುಂಬಿದರು.”

ಅಲ್ಲಿಂದ ಅವರು ಹೊಡೆತವನ್ನು ಮತ್ತೆ ಆಡಿ ತೋರಿಸಿದರು, ಕೂತಲ್ಲಿಂದಲೇ. ಎದುರಾಳಿ ಡಾಡ್ಜರ್ಸ್ ತಂಡದ ಪಿಚರ್ ಅಲ್ ಡೌನಿಂಗ್. ಅವರ ಬೆನ್ನ ಮೇಲೂ 44, ಆರನ್ ಬೆನ್ನ ಮೇಲೂ 44. ಮೊದಲ ಎಸೆತ ನೆಲಕ್ಕೆ ಬಿತ್ತು. ಎರಡನೆಯದಕ್ಕೆ ಆರನ್ ಬ್ಯಾಟು ಬೀಸಿದರು, ಆ ರಾತ್ರಿ ಅವರ ಬ್ಯಾಟು ಬೀಸಿದ್ದೇ ಅದು ಮೊದಲ ಸಲ. ಲೆಫ್ಟ್ ಫೀಲ್ಡರ್ ಬಿಲ್ ಬಕ್ನರ್ ಬೇಲಿ ಹತ್ತಿದರೂ ಸಿಗಲಿಲ್ಲ. ಆಚೆ ಬ್ರೇವ್ಸ್ ತಂಡದ ಬುಲ್‌ಪೆನ್, ಅಂದರೆ ಬದಲಿ ಪಿಚರ್‌ಗಳು ಕಾಯುವ ಜಾಗ. ಅಲ್ಲಿದ್ದ ಟಾಮ್ ಹೌಸ್ ಚೆಂಡನ್ನು ನೇರವಾಗಿ ಹಿಡಿದು, ಹೋಮ್ ಪ್ಲೇಟ್‌ವರೆಗೆ ಓಡಿ ಆರನ್ ಕೈಗೇ ಕೊಟ್ಟರು. 3-1ರಿಂದ ಹಿಂದಿದ್ದ ಬ್ರೇವ್ಸ್ 3-3 ಮಾಡಿಕೊಂಡು, ಕೊನೆಗೆ 7-4ರಿಂದ ಗೆದ್ದರು. ಹೌಸ್ ನಿಂತಿದ್ದ ಜಾಗ ಎಂದು ಹಿರಿಯರು ತೋರಿಸಿದ ಕಡೆ ಬಿಳಿ ಕಾರೊಂದು ನಿಂತಿತ್ತು.

ವಿಡಿಯೋದಲ್ಲಿ ಎಲ್ಲರೂ ನೋಡಿರುವುದು ಎರಡನೇ ಬೇಸ್ ಆಚೆ ಇಬ್ಬರು ಹುಡುಗರು ಓಡಿಬಂದು ಆರನ್ ಬೆನ್ನು ತಟ್ಟುವುದನ್ನು. ಈಗ ಅದು ತಮಾಷೆಯಾಗಿ ಕಾಣುತ್ತದೆ. ಕರಿಯನೊಬ್ಬ ರೂತ್ ದಾಖಲೆ ಮುರಿಯಬಾರದೆಂದು ಆರನ್‌ಗೆ ಕೊಲೆ ಬೆದರಿಕೆಗಳು ಬರುತ್ತಿದ್ದ ಕಾಲ ಅದು. 1973ರಲ್ಲಿ ಅವರಿಗೆ ಬಂದ ಪತ್ರಗಳೇ ಸುಮಾರು 9 ಲಕ್ಷ 30 ಸಾವಿರ. ಬೆಂಬಲದ ಪತ್ರಗಳ ನಡುವೆ ವಿಷದ ಪತ್ರಗಳೂ ಇದ್ದವು. ಕಾವಲಿಗಿದ್ದ ಪೊಲೀಸ್ ಅಧಿಕಾರಿ ದುರ್ಬೀನಿನ ಪೆಟ್ಟಿಗೆಯಲ್ಲಿ ಪಿಸ್ತೂಲು ಇಟ್ಟುಕೊಂಡು ಸ್ಟ್ಯಾಂಡಿನಲ್ಲಿ ಕೂತಿದ್ದರು. ಹುಡುಗರನ್ನು ಕಂಡು ಅದನ್ನು ತೆಗೆಯದೇ ಇದ್ದದ್ದು ಅವರ ಆ ಕ್ಷಣದ ತೀರ್ಮಾನ. ಹೋಮ್ ಪ್ಲೇಟ್ ಹತ್ತಿರ ಆರನ್ ತಾಯಿ ಎಸ್ಟೆಲಾ ಬಂದು ಮಗನನ್ನು ಅಪ್ಪಿಕೊಂಡರು. ಅಮ್ಮನ ತೋಳಿನಲ್ಲಿ ಅಷ್ಟು ಬಲವಿದೆಯೆಂದು ಗೊತ್ತೇ ಇರಲಿಲ್ಲ ಎಂದು ಆರನ್ ಆಮೇಲೆ ಹೇಳಿದ್ದುಂಟು.

ಈ ಗೋಡೆಯ ಮುಂದೆ ಒಂದು ಗಂಟೆ ಸಾಕು ಎಂದುಕೊಂಡದ್ದು ಎರಡೂವರೆ ಗಂಟೆಯಾಯಿತು. ಅದರ ಫಲ ಸಂಜೆ ಸಿಕ್ಕಿತು.

ಅಟ್ಲಾಂಟಾಕ್ಕೆ ಹೋಗುವವರು ಇದೊಂದನ್ನು ಬರೆದಿಟ್ಟುಕೊಳ್ಳಿ: ಬ್ರೇವ್ಸ್ ಈಗ ಇಲ್ಲಿ ಆಡುವುದಿಲ್ಲ. 2017ರಿಂದ ಅವರ ಮನೆ ನಗರದ ವಾಯವ್ಯಕ್ಕೆ, ಕಾಬ್ ಕೌಂಟಿಯಲ್ಲಿ, ಸುಮಾರು 16 ಕಿಲೋಮೀಟರ್ ಆಚೆ. ಟ್ರೂಯಿಸ್ಟ್ ಪಾರ್ಕ್ ಎಂದು ಹೆಸರು. ಅಲ್ಲಿಗೆ ರೈಲಿಲ್ಲ. ಹಳೆಯ ಗೈಡ್‌ಗಳಲ್ಲಿ ‘ಬ್ರೇವ್ಸ್ ಸ್ಟೇಡಿಯಂಗೆ ನಡೆದೇ ಹೋಗಬಹುದು’ ಎಂದು ಓದಿ ನಗರದ ನಡುವೆ ಹೋಟೆಲ್ ಹಿಡಿದರೆ ಗೋಡೆಗೆ ಹತ್ತಿರ, ಆಟಕ್ಕೆ ದೂರ. ನಮ್ಮದೂ ಅದೇ ಎಡವಟ್ಟು. ಸಂಜೆ ಐದೂವರೆಗೆ ಟ್ಯಾಕ್ಸಿ ಹತ್ತಿದರೆ ಹೆದ್ದಾರಿಯಲ್ಲಿ ಕಾರುಗಳು ಉಸಿರು ಕಟ್ಟಿ ನಿಂತಿದ್ದವು, ದರವೂ ಬೆಳಗಿನದರ ಎರಡರಷ್ಟು. ಇಳಿದಮೇಲೆ ಬ್ಯಾಗಿನ ಗಲಾಟೆ. ಒಳಗೆ ಬಿಡುವುದು ಪಾರದರ್ಶಕ ಪ್ಲಾಸ್ಟಿಕ್ ಬ್ಯಾಗನ್ನು ಮಾತ್ರ, ಅದೂ 12×6×12 ಇಂಚಿನೊಳಗಿನದು. ಬೆನ್ನಿಗೆ ಹಾಕುವ ಮಾಮೂಲಿ ಬ್ಯಾಗ್ ತಂದವರು ಅದನ್ನು ಹೊರಗೆ ಎಲ್ಲಾದರೂ ದುಡ್ಡು ಕೊಟ್ಟು ಇಟ್ಟು ಬರಬೇಕು. ಇದೆಲ್ಲ ಮುಗಿಸಿ ಸೀಟಿಗೆ ಬರುವಷ್ಟರಲ್ಲಿ 50ನೇ ವರ್ಷದ ಸಮಾರಂಭ ಮುಗಿದು, ಆಟವೂ ಶುರುವಾಗಿತ್ತು. ಏಪ್ರಿಲ್ 8ರಂದೇ ಇರಬೇಕೆಂದು ತಿಂಗಳ ಮೊದಲೇ ಟಿಕೆಟ್ ತೆಗೆದವರಿಗೆ ಆ ಉರಿ ಇನ್ನೂ ಆರಿಲ್ಲ. ಮಧ್ಯಾಹ್ನ ನಾಲ್ಕಕ್ಕೇ ಹೊರಡಿ. ಕಾರಿದ್ದರೆ ಪಾರ್ಕಿಂಗನ್ನು ಆನ್‌ಲೈನ್‌ನಲ್ಲಿ ಮೊದಲೇ ಹಿಡಿಯಿರಿ.

ಹೊಸ ಸ್ಟೇಡಿಯಂ ಒಳಗೂ ಆರನ್ ಇದ್ದಾರೆ. ವಿಳಾಸವೇ ‘755, ಬ್ಯಾಟರಿ ಅವೆನ್ಯೂ’. 1976ರಲ್ಲಿ ಅವರು ನಿವೃತ್ತರಾದಾಗ ಹೋಮ್ ರನ್‌ಗಳ ಲೆಕ್ಕ 755. ಬ್ಯಾಟು ಬೀಸುವ ಕಂಚಿನ ಪ್ರತಿಮೆ, ಅದರ ಹಿಂದೆ ಬ್ಯಾಟುಗಳನ್ನೇ ಒತ್ತಾಗಿ ಜೋಡಿಸಿ ಮಾಡಿದ 755. ಕೆಲಸ ಅಚ್ಚುಕಟ್ಟು, ದೀಪ ಚೆನ್ನ, ಫೋಟೋಗೆ ಸರತಿ ಸಾಲು. ಆದರೂ ಅಂಗಡಿ, ಬಿಯರ್, ಪಾಪ್‌ಕಾರ್ನ್ ನಡುವೆ ಅದು ಮದುವೆಮನೆಯ ಹೂವಿನ ಕಮಾನಿನಂತೆ ಕಾಣುತ್ತದೆ. ಪಾರ್ಕಿಂಗ್ ಜಾಗದ ಬೋಳು ಗೋಡೆಗೆ ಅದು ಸಮವಲ್ಲ.

715ರ ರಾತ್ರಿ ಬೇಸ್‌ಬಾಲ್ ಆಡಳಿತದ ಮುಖ್ಯಸ್ಥ, ಕಮಿಷನರ್ ಬೋವಿ ಕ್ಯೂನ್ ಅಟ್ಲಾಂಟಾದಲ್ಲಿ ಇರಲಿಲ್ಲ. ಕ್ಲೀವ್‌ಲ್ಯಾಂಡಿನ ವಾಹೂ ಕ್ಲಬ್ ಎಂಬ ಅಭಿಮಾನಿ ಸಂಘದ ಊಟಕ್ಕೆ ಹೋಗಿದ್ದರು. ತಮ್ಮ ಪರವಾಗಿ ಮಾಜಿ ಆಟಗಾರ ಮಾಂಟಿ ಅರ್ವಿನ್ ಅವರನ್ನು ಕಳಿಸಿದ್ದರು. ಕಮಿಷನರ್ ಹೆಸರೆತ್ತಿದ ಕೂಡಲೇ ಜನ ಕೂಗಿ ಗೇಲಿ ಮಾಡಿದರು. ಅವರು ಹೋಗಿದ್ದ ಆ ಊರಿನಲ್ಲೇ, ಸರಿಯಾಗಿ ಒಂದು ವರ್ಷಕ್ಕೆ, 1975ರ ಏಪ್ರಿಲ್ 8ರಂದು ಫ್ರಾಂಕ್ ರಾಬಿನ್ಸನ್ ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಆದ ಮೇಜರ್ ಲೀಗ್‌ನ ಮೊದಲ ಕಪ್ಪು ಮ್ಯಾನೇಜರ್ (ತಂಡ ನಡೆಸುವವರು) ಆಗಿ ಮೈದಾನಕ್ಕೆ ಇಳಿದರು. ಹಾಗಾಗಿ ನಮ್ಮ ಪ್ರವಾಸದ ಎರಡನೇ ಊರು ಕ್ಲೀವ್‌ಲ್ಯಾಂಡ್. ನಡುವಿನ ಮೂರು ದಿನಗಳಲ್ಲಿ ಬರೆಯುವಂಥದ್ದಿಲ್ಲ.

ಗ್ರಹಣದ ದಿನ ಕ್ಲೀವ್‌ಲ್ಯಾಂಡಿನಲ್ಲಿ ಪೂರ್ಣ ಕತ್ತಲು, ಮಧ್ಯಾಹ್ನ 3.13ರಿಂದ ನಾಲ್ಕು ನಿಮಿಷಕ್ಕೆ ಸ್ವಲ್ಪ ಕಡಿಮೆ. ಅಂದೇ ಆ ಊರಿನ ಬೇಸ್‌ಬಾಲ್ ತಂಡ ಗಾರ್ಡಿಯನ್ಸ್‌ನ ವರ್ಷದ ಮೊದಲ ತವರು ಆಟವೂ ಇತ್ತು. ಜನ ಸ್ಟ್ಯಾಂಡಿನಲ್ಲಿ ಕೂತೇ ಕತ್ತಲು ನೋಡಿ, ಸಂಜೆ ಆಟ ನೋಡಿದ್ದರು. ಅದು ತಪ್ಪಿತು ಎಂಬ ಹೊಟ್ಟೆಕಿಚ್ಚು ಇಟ್ಟುಕೊಂಡೇ ಸರೋವರದ ಕಡೆ ನಡೆದೆವು.

1975ರ ಆಟ ನಡೆದ ಮುನಿಸಿಪಲ್ ಸ್ಟೇಡಿಯಂ ಈಗಿಲ್ಲ. ಈರಿ ಸರೋವರದ ದಡದ ಆ ಜಾಗದಲ್ಲಿ 1999ರಿಂದ ಬ್ರೌನ್ಸ್ ಫುಟ್‌ಬಾಲ್ ಸ್ಟೇಡಿಯಂ ಇದೆ. ಹಳೆಯದನ್ನು ಕೆಡವಿದ ಕಾಂಕ್ರೀಟನ್ನು ಸರೋವರದಲ್ಲಿ ಮುಳುಗಿಸಿ, ಮೀನುಗಳಿಗೆ ಕೃತಕ ದಿಬ್ಬ ಮಾಡಿದ್ದಾರೆ. ನೀರಿನ ಮೇಲಿಂದ ಏನೂ ಕಾಣದು. ಏಪ್ರಿಲ್‌ನಲ್ಲಿ ಅಲ್ಲಿ ನಿಲ್ಲುವವರಿಗೆ ದಪ್ಪ ಜಾಕೆಟ್ ಬೇಕು, ಸರೋವರದ ಗಾಳಿ ಕಿವಿ ಕೊಯ್ಯುತ್ತದೆ.

ಆ ಆಟವನ್ನು ಕಾಗದದ ಮೇಲೆ ಕಟ್ಟಿಕೊಳ್ಳುವುದು ಸುಲಭ. ಎದುರಾಳಿ ನ್ಯೂಯಾರ್ಕ್‌ನ ಯಾಂಕೀಸ್, ಜನ 56 ಸಾವಿರದ ಮೇಲೆ. ಮೊದಲ ಚೆಂಡನ್ನು ಸಾಂಕೇತಿಕವಾಗಿ ಎಸೆದವರು, ಆಧುನಿಕ ಮೇಜರ್ ಲೀಗ್‌ನ ಮೊದಲ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಅವರ ಪತ್ನಿ ರೇಚಲ್. ಮೂರನೇ ಬೇಸ್ ಪಕ್ಕದಲ್ಲಿ ಕಪ್ಪು ಮ್ಯಾನೇಜರ್ ಒಬ್ಬರನ್ನು ನೋಡಬೇಕೆಂದು 1972ರ ಅಕ್ಟೋಬರ್ 15ರಂದು ಹೇಳಿದ್ದ ಜಾಕಿ ಒಂಬತ್ತೇ ದಿನಕ್ಕೆ ತೀರಿಕೊಂಡಿದ್ದರು. ಫ್ರಾಂಕ್ ಮ್ಯಾನೇಜರೂ ಹೌದು, ಆಟಗಾರರೂ ಹೌದು. ತಮ್ಮ ಹೆಸರನ್ನು ತಾವೇ ಎರಡನೇ ಸ್ಥಾನದಲ್ಲಿ ಬರೆದುಕೊಂಡು, ಮೊದಲ ಇನ್ನಿಂಗ್ಸ್‌ನಲ್ಲಿ ಡಾಕ್ ಮೆಡಿಚ್ ಎಸೆತಕ್ಕೆ ಹೋಮ್ ರನ್ ಹೊಡೆದರು. ಕ್ಲೀವ್‌ಲ್ಯಾಂಡ್ 5-3ರಿಂದ ಗೆದ್ದಿತು. ಅದೇ ಮೈದಾನ, ಅದೇ ಯಾಂಕೀಸ್, 1993ರ ಏಪ್ರಿಲ್ 8: ಕಾರ್ಲೋಸ್ ಬಯೆರ್ಗಾ ಒಂದೇ ಇನ್ನಿಂಗ್ಸ್‌ನಲ್ಲಿ ಬಲಗೈ ಕಡೆಯಿಂದ ಒಂದು, ಎಡಗೈ ಕಡೆಯಿಂದ ಒಂದು ಹೋಮ್ ರನ್ ಹೊಡೆದರು, ಅಲ್ಲಿಯವರೆಗೆ ಯಾರೂ ಮಾಡದ್ದು. ಪಿಚರ್ ಎಡಗೈಯವನಾದರೆ ಬಲಕ್ಕೆ, ಬಲಗೈಯವನಾದರೆ ಎಡಕ್ಕೆ ನಿಲ್ಲುವ ಬ್ಯಾಟರ್ ಅವರು. ನಡುವೆ ಪಿಚರ್ ಬದಲಾದ್ದರಿಂದ ಇದು ಸಾಧ್ಯವಾಯಿತು. ಇಬ್ಬರು ಪಿಚರ್‌ಗಳ ಹೆಸರೂ ಸ್ಟೀವ್.

ಶುಕ್ರವಾರದ ಗಾರ್ಡಿಯನ್ಸ್ ಆಟ ಹವಾಮಾನದಿಂದಾಗಿ ಮುಂದಕ್ಕೆ ಹೋಗಿ, ಶನಿವಾರ ಒಂದೇ ದಿನ ಎರಡು ಆಟ. ಎದುರಾಳಿ ಯಾಂಕೀಸ್ ಆಗಿದ್ದದ್ದು ನಮ್ಮ ಪುಣ್ಯ. ಗಾರ್ಡಿಯನ್ಸ್ ಆಡುವ ಪ್ರೋಗ್ರೆಸಿವ್ ಫೀಲ್ಡ್‌ನಲ್ಲಿ 2017ರಲ್ಲಿ ನಿಲ್ಲಿಸಿದ ಫ್ರಾಂಕ್ ಪ್ರತಿಮೆ ನೋಡಿ, ಹಾಟ್ ಡಾಗ್ ಮೇಲೆ ಇಲ್ಲಿಯವರು ಹಾಕುವ ಕಂದು ಸಾಸಿವೆ ತಿಂದೆವು. ಅಮೆರಿಕದ ಮಾಮೂಲಿ ಹಳದಿ ಸಾಸಿವೆ ಸಪ್ಪೆ, ಇದು ಮೂಗಿಗೆ ಏರುತ್ತದೆ. ನಮ್ಮ ನಾಲಿಗೆಗೆ ಸರಿ. ಸ್ಕೋರ್‌ಕಾರ್ಡ್ ಬರೆಯುವವರು ಎರಡು ಪೆನ್ಸಿಲ್, ಒಂದು ರಬ್ಬರ್, ಕೆಳಗೆ ಇಡಲು ಗಟ್ಟಿ ರಟ್ಟು ತರಬೇಕು. ಹೆಸರಿನ ಕೆಳಗೆ ಒಂದು ಸಾಲು ಖಾಲಿ ಬಿಡಬೇಕು, ಬದಲಿ ಆಟಗಾರ ಬಂದಾಗ ಬರೆಯಲು ಜಾಗ ಬೇಕಲ್ಲ.

ಅಟ್ಲಾಂಟಾದ ಹಿರಿಯರು ಇನ್ನೊಂದು ಗುರುತು ಹೇಳಿಕೊಟ್ಟಿದ್ದರು. ಯಾಂಕೀಸ್‌ಗೆ ಶಾರ್ಟ್‌ಸ್ಟಾಪ್ ಆಗಿದ್ದು ಆಮೇಲೆ ಕಾಮೆಂಟರಿ ಹೇಳುತ್ತಿದ್ದ ಫಿಲ್ ರಿಝುಟೊ ತಮ್ಮ ಕಾರ್ಡಿನಲ್ಲಿ ಆಗಾಗ ‘ಡಬ್ಲ್ಯೂ ಡಬ್ಲ್ಯೂ’ ಎಂದು ಬರೆಯುತ್ತಿದ್ದರಂತೆ. ಇಂಗ್ಲಿಷಿನ ‘ವಾಸಂಟ್ ವಾಚಿಂಗ್’, ಅರ್ಥ: ನೋಡುತ್ತಿರಲಿಲ್ಲ. ಶನಿವಾರದ ನಮ್ಮ ಕಾರ್ಡಿನಲ್ಲಿ ನಾಲ್ಕನೇ ಇನ್ನಿಂಗ್ಸ್‌ನ ಎರಡು ಪೆಟ್ಟಿಗೆಗಳಲ್ಲಿ ಅದೇ ಇದೆ, ಪಕ್ಕದಲ್ಲಿ ಒಂದು ಸಾಸಿವೆಯ ಕಲೆ.