ಹಳಿ ಕಿರಿದು, ರೈಲು ಅಗಲ

ಮೇಜಿನ ಮೇಲೆ ಮಾದರಿ ರೈಲು ಕಟ್ಟುತ್ತಿದ್ದೇನೆ: 1930ರ ದಶಕದ ಬ್ರಿಟಿಷ್ ರೈಲು ಕಂಪನಿ ಗ್ರೇಟ್ ವೆಸ್ಟರ್ನ್ ರೈಲ್ವೆಯ ಪುಟ್ಟ ಬ್ರಾಂಚ್ ಲೈನ್ (ಕವಲು ಮಾರ್ಗ). ಹಸಿರು ಟ್ಯಾಂಕ್ ಇಂಜಿನ್, ಚಾಕೊಲೇಟ್ ಮತ್ತು ಕ್ರೀಮ್ ಬಣ್ಣದ ಬೋಗಿಗಳು. ಬ್ರಿಟಿಷರ 'ಡಬಲ್ ಓ' (OO) ಮಾದರಿ ಅಳತೆಯಲ್ಲಿ ನಿಜದ ಒಂದು ಅಡಿಗೆ 4 ಮಿ.ಮೀ. ಆದರೆ ಹಳಿಗಳ ಅಂತರ ಮಾತ್ರ 16.5 ಮಿ.ಮೀ. ಲೆಕ್ಕಕ್ಕೆ ಬೇಕಿದ್ದದ್ದು 18.83! ಬ್ರಿಟನ್ನಿನ ಇಂಜಿನ್‌ಗಳು ಚಿಕ್ಕವು, ಆಗಿನ ದಪ್ಪ ಮೋಟಾರು ಮಾದರಿಯೊಳಗೆ ಹಿಡಿಸುತ್ತಿರಲಿಲ್ಲ. ಇಂಜಿನ್ನಿನ ಮೈ ಹಿಗ್ಗಿಸಿದರು, ಮೊದಲೇ ಇದ್ದ ಹಳಿಯನ್ನು ಹಾಗೇ ಬಿಟ್ಟರು. ಅಂದಿನ ಹೊಂದಾಣಿಕೆಯೇ ಇಂದಿನ ಮಾಮೂಲು, ಅಲ್ವಾ? ಸರಿಯಾದ ಅಂತರಕ್ಕೆ ಕೈಯಾರೆ ಹಳಿ ಕಟ್ಟುವವರೂ ಇದ್ದಾರೆ. ಅವರ ತಾಳ್ಮೆಗೆ ಶರಣು. ನನಗೆ ಆ ಎರಡು ಚಿಲ್ಲರೆ ಮಿಲಿಮೀಟರಿನ ಚಿಂತೆಯಿಲ್ಲ. ಸಿಗ್ನಲ್ ವಿಷಯದಲ್ಲಿ ಮಾತ್ರ ರಾಜಿಯಿಲ್ಲ: ಗ್ರೇಟ್ ವೆಸ್ಟರ್ನ್‌ನಲ್ಲಿ ಸಿಗ್ನಲ್ ಕಂಬದ ಕೈ ಕೆಳಗಿಳಿದರೇ ಗಾಡಿ ಹೊರಡಬೇಕು.