ಬೆಣ್ಣೆಹೊಳೆ ದಾರಿಯಲ್ಲಿ ಕಿತ್ತುಬಂದ ಅಟ್ಟೆ

ಅಕ್ಟೋಬರ್ ಮೊದಲ ವಾರ. ಮಳೆ ಪೂರ್ತಿ ಬಿಟ್ಟಿರಲಿಲ್ಲ. ನಾನು, ಭಾವ ಮತ್ತು ಅವರ ಮಗಳು ಶಿರಸಿಯಿಂದ ಕುಮಟಾ ರಸ್ತೆ ಹಿಡಿದು, ದೇವಿಮನೆ ಘಟ್ಟದ ಹತ್ತಿರ ಬೆಣ್ಣೆಹೊಳೆ ಜಲಪಾತ ನೋಡಲು ಹೊರಟಿದ್ದೆವು. ರಸ್ತೆ ಬಿಟ್ಟ ಮೇಲೆ ಕಾಡುದಾರಿ.

ನೀರಿನ ಬಾಟಲಿಗೆ ಎರಡು ಮೀಟರಿನಷ್ಟು ಡಕ್ಟ್ ಟೇಪ್, ಅಂದರೆ ಗಟ್ಟಿ ಬಟ್ಟೆ ಟೇಪ್, ಸುತ್ತಿಟ್ಟುಕೊಂಡಿದ್ದೆ. ಇಡೀ ಸುರುಳಿ ಹೊರುವ ಅಗತ್ಯ ಇಲ್ಲ. ಅದರ ಮೊದಲ ಕೆಲಸ ಉಂಬಳ, ಅಂದರೆ ಕಾಡಿನ ಜಿಗಣೆ, ತಡೆಯಲು. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಸಂದು ಮುಚ್ಚುವ ಹಾಗೆ ಮೇಲಿಂದ ಒಂದು ಸುತ್ತು ಟೇಪ್. ಬಿಗಿಯಾಗಿ ಸುತ್ತಬಾರದು, ರಕ್ತ ಓಡಾಡಬೇಕಲ್ವಾ. ಉಂಬಳ ಹತ್ತುವುದು ನಿಲ್ಲುವುದಿಲ್ಲ, ಆದರೆ ಒಳಗೆ ನುಗ್ಗಲು ಆಗದೆ ಪ್ಯಾಂಟಿನ ಮೇಲೇ ಕಾಣುತ್ತದೆ. ಆಗಾಗ ನಿಂತು ನೋಡಿ ತೆಗೆದರೆ ಆಯ್ತು.

ಜಲಪಾತ ನೋಡಿ ವಾಪಸ್ ಹತ್ತುವಾಗ ನನ್ನ ಬಲಗಾಲಿನ ಶೂ ಬಾಯಿ ಬಿಟ್ಟಿತು. ಅಟ್ಟೆ ಹಿಮ್ಮಡಿಯ ತನಕ ಕಿತ್ತು ಜೋತಾಡುತ್ತಿತ್ತು. ನಾಲ್ಕು ವರ್ಷ ಅಟ್ಟದ ಮೇಲಿದ್ದ ಶೂ ಅದು. ಹೆಚ್ಚು ಬಳಸಿಯೇ ಇರಲಿಲ್ಲ. ಎಷ್ಟೋ ಟ್ರೆಕ್ಕಿಂಗ್ ಶೂಗಳ ಅಟ್ಟೆಯೊಳಗೆ ಪಾಲಿಯುರೆಥೇನ್ ಅನ್ನುವ ಫೋಮ್ ಇರುತ್ತದೆ. ಗಾಳಿಯ ತೇವಕ್ಕೆ ಅದು ಒಳಗೊಳಗೇ ಹಾಳಾಗುತ್ತದೆ, ಸುಮ್ನೆ ಇಟ್ಟಿದ್ದರೂ. ನಮ್ಮ ಮಲೆನಾಡಿನ ಮಳೆಗಾಲ ಗೊತ್ತಲ್ಲ, ಬೀರುವಿನೊಳಗಿನ ಬಟ್ಟೆಗೂ ಬೂಸ್ಟು ಹಿಡಿಯುತ್ತದೆ. ಬೆರಳಿಟ್ಟರೆ ಫೋಮ್ ಪುಡಿ ಪುಡಿ ಉದುರಿತು.

ಅವಸರದಲ್ಲಿ ಹಾಗೇ ಟೇಪ್ ಸುತ್ತಿದೆ. ಹತ್ತು ಹೆಜ್ಜೆಗೆ ಕಳಚಿಬಂತು. ದಾರಿ ಪಕ್ಕದ ತೋಟದಲ್ಲಿದ್ದ ಅಜ್ಜ ಒಬ್ಬರು ನೋಡಿ ಹತ್ತಿರ ಬಂದರು. "ತಮಾ, ಒದ್ದೆ ಮೇಲೆ ಅಂಟು ನಿಲ್ತಿಲ್ಲೆ. ಮೊದ್ಲು ಒರೆಸು" ಅಂದು ಹೆಗಲ ಮೇಲಿನ ಪಂಜಿಯನ್ನೇ ಕೊಟ್ಟರು. ಆ ಕೆಸರಿಗೆ ಅವರ ಪಂಜಿ ಹಾಕಲು ನನಗೆ ಮನಸ್ಸಾಗಲಿಲ್ಲ. ಅವರೇ ಶೂ ಕಸಿದುಕೊಂಡು ಒರೆಸಿದರು. ಆಮೇಲೆ ಬಿದ್ದಿದ್ದ ಅಡಿಕೆ ಹಾಳೆಯನ್ನು ಕತ್ತಿಯಿಂದ ಅಟ್ಟೆಯ ಅಳತೆಗೆ ಕೊಯ್ದು, "ಇದನ್ನ ಅಡಿಗೆ ಇಡು" ಅಂದರು.

ಆ ಹಾಳೆಯೇ ಆ ದಿನ ಕಾಪಾಡಿದ್ದು. ಮೊದಲು ಮೂತಿಯಿಂದ ಹಿಮ್ಮಡಿಯವರೆಗೆ ಉದ್ದಕ್ಕೆ ಒಂದು ಪಟ್ಟಿ, ಅದರ ಮೇಲೆ ಅಡ್ಡಡ್ಡ ಮೂರು ಸುತ್ತು. ಲೇಸಿನ ಗಂಟು ಮಾತ್ರ ಬಿಟ್ಟೆ, ಇಲ್ಲದಿದ್ದರೆ ಬಿಚ್ಚಲು ಎಲ್ಲ ಕೊಯ್ಯಬೇಕು.

"ಮಾವ, ಕತ್ರಿ ಇಲ್ದೆ ಹ್ಯಾಂಗೆ ಹರಿತು ಇದು?" ಅಂತ ಭಾವನ ಮಗಳು ಕೇಳಿದಳು. ಹರಿದ ಅಂಚು ತೋರಿಸಿದೆ. ಮೇಲೆ ಪ್ಲಾಸ್ಟಿಕ್, ಕೆಳಗೆ ಅಂಟು, ನಡುವೆ ಬಟ್ಟೆಯ ಬಲೆ. ನೂಲಿನ ಗುಂಟ ನೇರ ಹರಿಯುತ್ತದೆ. 1943ರಲ್ಲಿ ಅಮೆರಿಕದ ಮದ್ದುಗುಂಡು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ವೆಸ್ಟಾ ಸ್ಟೌಟ್ ಎಂಬ ತಾಯಿ, ಪೆಟ್ಟಿಗೆಗಳಿಗೆ ಇಂಥ ಗಟ್ಟಿ ಬಟ್ಟೆ ಟೇಪ್ ಬೇಕು ಅಂತ ನೇರ ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೇ ಕಾಗದ ಬರೆದಿದ್ದಳು. ಅವಳ ಮಕ್ಕಳು ನೌಕಾಪಡೆಯಲ್ಲಿದ್ದರು. ಆ ಕಾಗದದ ವಿಷಯ ಹೇಳುವಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಹುಡುಗಿಯ ಹಿಮ್ಮಡಿ ಶೂ ಉಜ್ಜಿ ಕೆಂಪಾಗಿತ್ತು. ಗುಳ್ಳೆ ಏಳುವ ಮೊದಲೇ ಒಣ ಚರ್ಮದ ಮೇಲೆ ಒಂದು ತುಂಡು ಅಂಟಿಸಿದೆ. ಆಮೇಲೆ ಶೂ ಉಜ್ಜುವುದು ಟೇಪನ್ನು, ಚರ್ಮವನ್ನಲ್ಲ. ಗುಳ್ಳೆ ಒಡೆದಿದ್ದರೆ ಮಾತ್ರ ನೇರ ಅಂಟಿಸಬೇಡಿ, ಕೀಳುವಾಗ ಚರ್ಮವೂ ಬರುತ್ತದೆ. ಕೆಳಗೆ ಶುದ್ಧ ಬಟ್ಟೆ ಇರಬೇಕು.

ಟೇಪ್ ಸುತ್ತಿದ ಶೂ ಪಾಚಿ ಕಲ್ಲಿನ ಮೇಲೆ ಜಾರುತ್ತದೆ. ಹೊಳೆ ದಾಟುವಾಗ ಭಾವ ಕೈ ಹಿಡಿದೇ ದಾಟಿಸಿದರು.

ಸಂಜೆ ಮನೆಯಲ್ಲಿ ಕೂತು ಬಿಚ್ಚಿದೆ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಸಾಕಾಯಿತು. ಅಡಿಯಲ್ಲಿ ಟೇಪ್ ಮೂರು ಕಡೆ ಸವೆದು ತೂತಾಗಿತ್ತು. ಹಾಳೆ ಕೆಸರಾಗಿತ್ತು, ಆದರೆ ಎಲ್ಲೂ ಹರಿದಿರಲಿಲ್ಲ.